ಸೋತವರ ಮಾತು ಯಾರ ಬಾಯಲ್ಲಿ?

ಗ್ರೀಕ್ ರುದ್ರನಾಟಕ ಅಂದ ಕೂಡಲೆ ನಮ್ಮ ಕಾಲೇಜುಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಇದು ಸಾರ್ವಕಾಲಿಕ, ಇದರೊಳಗಿನ ದುಃಖ ಎಲ್ಲ ಮನುಷ್ಯರ ದುಃಖ ಅಂತ. ಮೇಷ್ಟ್ರು ಹೇಳ್ತಾರೆ, ನಾವು ಬರ್ಕೊಳ್ತೀವಿ, ಪರೀಕ್ಷೆಯಲ್ಲಿ ಹಾಗೇ ಇಳಿಸ್ತೀವಿ, ನಂಬರೂ ಬೀಳುತ್ತವೆ. ಆದರೆ ಒಂದು ಸಲ ನಿಂತು ಕೇಳಬೇಕು. ಊರು ಸುಟ್ಟವನ ದುಃಖ, ಊರು ಕಳಕೊಂಡವಳ ದುಃಖ, ಎರಡೂ ಒಂದೇನಾ? "ಎಲ್ಲರ ದುಃಖ" ಅಂದುಬಿಟ್ಟರೆ ಬೆಂಕಿ ಇಟ್ಟವನು ಯಾರು ಅಂತ ಕೇಳುವ ಕೆಲಸವೇ ಉಳಿಯುವುದಿಲ್ಲ. ಎಲ್ಲರೂ ಸೇರಿ ಅತ್ತು, ಕಣ್ಣು ಒರೆಸಿಕೊಂಡು, ಮನೆಗೆ ಹೋಗಬಹುದು.

ಈ ಮಾತು ಎತ್ತೋದಕ್ಕೆ ಕಾರಣ ಒಂದು ನಾಟಕ. 2013ರ ಡಿಸೆಂಬರಿನಲ್ಲಿ ಜೋರ್ಡಾನ್ ದೇಶದ ರಾಜಧಾನಿ ಅಮ್ಮಾನಿನಲ್ಲಿ ಆಡಿದ್ದು. ನಾಟಕ ಹಳೇದು. ಯೂರಿಪಿಡೀಸ್ ಎಂಬ ಗ್ರೀಕ್ ಕವಿ ಕ್ರಿಸ್ತಪೂರ್ವ 415ರಲ್ಲಿ ಆಡಿಸಿದ 'ಟ್ರಾಯ್‌ನ ಹೆಂಗಸರು'. ಆಡಿದವರು ಮಾತ್ರ ಹೊಸಬರು. ಸಿರಿಯಾದ ಯುದ್ಧದಿಂದ ತಪ್ಪಿಸಿಕೊಂಡು ಗಡಿ ದಾಟಿ ಬಂದ ಸುಮಾರು ಎರಡು ಡಜನ್ ಹೆಂಗಸರು. ನಾಟಕ ಅವರ ಕಸುಬಲ್ಲ. ಅವರಿಗೆ ಆಟ ಕಲಿಸಿದವರು ಸಿರಿಯಾದವರೇ ಆದ ನಿರ್ದೇಶಕ ಓಮರ್ ಅಬು ಸಾದಾ. ಹೆಂಗಸರು ಯೂರಿಪಿಡೀಸನ ಮಾತುಗಳನ್ನು ಅರಬ್ಬಿಯಲ್ಲಿ ಹೇಳಿದರು. ಹೇಳ್ತಾ ಹೇಳ್ತಾ ನಡುವೆ ತಮ್ಮದೇ ಬೀದಿಯ, ತಮ್ಮದೇ ಮನೆಯ, ತಾವೇ ಕಳಕೊಂಡವರ ಕಥೆ ಸೇರಿಸಿದರು. ಆ ತಾಲೀಮು, ಆ ಆಟ, ಆ ಹೆಂಗಸರ ಬದುಕು ಇಷ್ಟನ್ನೂ ಯಾಸ್ಮಿನ್ ಫೆದ್ದಾ 'ಕ್ವೀನ್ಸ್ ಆಫ್ ಸಿರಿಯಾ' ಎಂಬ ಸಾಕ್ಷ್ಯಚಿತ್ರ ಮಾಡಿ 2014ರಲ್ಲಿ ಹೊರತಂದರು.

ನನ್ನ ವಾದ ಇಷ್ಟೇ. ಹಳೇ ನಾಟಕಕ್ಕೆ ಹೊಸ ಯುದ್ಧದ ಬಟ್ಟೆ ತೊಡಿಸೋದು ಸುಲಭ. ರಾಜನ ತಲೆಯ ಮೇಲೆ ಕಿರೀಟ ತೆಗೆದು ಮಿಲಿಟರಿ ಟೋಪಿ ಇಟ್ಟರೆ, ಕೈಯ ಕತ್ತಿ ಕಸಿದು ಬಂದೂಕು ಕೊಟ್ಟರೆ ಆಯ್ತು. ಅಷ್ಟರಿಂದ ಯಾರಿಗೂ ನೋವಾಗೋಲ್ಲ, ಯಾರಿಗೂ ಉಪಯೋಗವೂ ಇಲ್ಲ. ಇಂಥ ನಾಟಕವನ್ನು ಅಳೆಯೋದಕ್ಕೆ ಎರಡೇ ಪ್ರಶ್ನೆ ಬೇಕು. ಸೋತವರ ಮಾತು ಯಾರ ಬಾಯಲ್ಲಿದೆ? ಆ ಮಾತಿನಲ್ಲಿ ಕೊಂದವನ ಗುರುತು ಇದೆಯೋ ಇಲ್ಲವೋ?

*

ನಾಟಕ ಓದಿಲ್ಲದವರಿಗೆ ಕಥೆ ಹೇಳಿಬಿಡ್ತೀನಿ. ಹತ್ತು ವರ್ಷದ ಯುದ್ಧ ಮುಗಿದಿದೆ. ಟ್ರಾಯ್ ಊರಿನ ಗಂಡಸರು ಸತ್ತಿದ್ದಾರೆ. ಗೆದ್ದ ಗ್ರೀಕರು ಗುಡಾರಗಳ ಮುಂದೆ ಹೆಂಗಸರನ್ನು ಗುಂಪು ಹಾಕಿದ್ದಾರೆ. ಯಾರು ಯಾರ ಪಾಲಿಗೆ ಅಂತ ಚೀಟಿ ಎತ್ತಿದ್ದಾರೆ. ಕೆಲವರನ್ನು ದೊಡ್ಡವರು ಚೀಟಿಗೆ ಮೊದಲೇ ಆರಿಸಿಟ್ಟುಕೊಂಡಿದ್ದಾರೆ. ನಿನ್ನೆಯ ರಾಣಿ ಹೆಕ್ಯುಬಾ ಇವತ್ತು ನೆಲದ ಮೇಲೆ ಬಿದ್ದಿದ್ದಾಳೆ. ಅವಳು ಒಡಿಸ್ಸಿಯಸ್ ಪಾಲಿಗೆ. ಮಗಳು ಕಸಾಂಡ್ರ ದಂಡನಾಯಕ ಅಗಮೆಮ್ನಾನ್ ಪಾಲಿಗೆ. ಇನ್ನೊಬ್ಬ ಮಗಳನ್ನು ಸತ್ತ ವೀರನೊಬ್ಬನ ಗೋರಿಗೆ ಬಲಿ ಕೊಟ್ಟಾಗಿದೆ. ಸೊಸೆ ಆಂಡ್ರೊಮಕಿಯನ್ನು ಅವಳ ಗಂಡನನ್ನು ಕೊಂದವನ ಮಗನಿಗೇ ಕೊಟ್ಟಿದ್ದಾರೆ. ಅವಳ ಕಂಕುಳಲ್ಲಿರೋ ಕೂಸನ್ನು ಕಿತ್ತುಕೊಂಡು ಹೋಗಿ ಕೋಟೆಯ ಮೇಲಿಂದ ಎಸೀತಾರೆ. ಬೆಳೆದು ದೊಡ್ಡವನಾದರೆ ಸೇಡು ತೀರಿಸ್ಕೊಂಡಾನು ಅನ್ನೋ ಭಯ. ಅಜ್ಜಿ ಆ ಕೂಸನ್ನು ಅದರ ಅಪ್ಪನ ಗುರಾಣಿಯ ಮೇಲೆ ಮಲಗಿಸಿ ಮಣ್ಣಿಗೆ ಕಳಿಸ್ತಾಳೆ. ಊರಿಗೆ ಬೆಂಕಿ ಬೀಳುತ್ತದೆ. ಹೆಂಗಸರು ಹಡಗಿನ ಕಡೆ ನಡೀತಾರೆ. ನಾಟಕ ಮುಗೀತು.

ನೋಡಿ, ಇದರಲ್ಲಿ ಯುದ್ಧವೇ ಇಲ್ಲ. ಯುದ್ಧ ಮುಗಿದ ಮಾರನೇ ದಿನ ಮಾತ್ರ ಇದೆ. ಹಾಡುಗಾರರು, ಕವಿಗಳು ಗೆದ್ದವರ ಜೊತೆ ಮನೆಗೆ ಹೋದ ಮೇಲೆ ಹಿಂದೆ ಉಳಿಯುವವರ ದಿನ.

ಇದನ್ನು ಮೊದಲು ನೋಡಿದವರು ಅಥೆನ್ಸಿನ ಜನ. ಅವರು ಇದನ್ನು ಸಾರ್ವಕಾಲಿಕ ಅಂತ ನೋಡಿರಲಾರರು. ಕೆಲವೇ ತಿಂಗಳ ಹಿಂದೆ ಅವರದೇ ಪಡೆ ಮೀಲೋಸ್ ಅನ್ನೋ ಪುಟ್ಟ ದ್ವೀಪಕ್ಕೆ ಮುತ್ತಿಗೆ ಹಾಕಿ ಕೂತಿತ್ತು. ಮೀಲೋಸಿನವರ ತಪ್ಪು ಇಷ್ಟೇ, ಅಥೆನ್ಸ್ ಮತ್ತು ಸ್ಪಾರ್ಟಾ ಹೊಡೆದಾಡುವಾಗ ನಾವು ಅಥೆನ್ಸಿನ ಕಡೆ ಸೇರೋಲ್ಲ, ನಮ್ಮ ಪಾಡಿಗೆ ನಾವಿರ್ತೀವಿ ಅಂದದ್ದು. ಕೊನೆಗೆ ದ್ವೀಪ ಶರಣಾಯಿತು. ಅಥೆನ್ಸಿನವರು ಕೈಗೆ ಸಿಕ್ಕ ವಯಸ್ಸಿಗೆ ಬಂದ ಗಂಡಸರನ್ನೆಲ್ಲ ಕೊಂದರು. ಹೆಂಗಸರನ್ನು, ಮಕ್ಕಳನ್ನು ಗುಲಾಮರನ್ನಾಗಿ ಮಾರಿದರು. ಖಾಲಿಯಾದ ನೆಲಕ್ಕೆ ತಮ್ಮವರನ್ನು 500 ಜನ ಕಳಿಸಿ ಒಕ್ಕಲು ಹೂಡಿದರು. ಇದನ್ನು ಬರೆದಿಟ್ಟವನು ಅಥೆನ್ಸಿನವನೇ ಆದ ಇತಿಹಾಸಕಾರ ಥುಸಿಡಿಡೀಸ್. ನ್ಯಾಯ ಅನ್ನೋದು ಸಮಬಲದವರ ನಡುವಿನ ಮಾತು, ನಿಮಗೂ ನಮಗೂ ಅದು ಅನ್ವಯಿಸೋಲ್ಲ ಎಂಬ ಅರ್ಥದಲ್ಲಿ ದೊಡ್ಡವರು ಚಿಕ್ಕವರಿಗೆ ಹೇಳಿದರು ಅಂತ ಅವನು ಬರೀತಾನೆ. ಜಗತ್ತಿಗೆ ಪ್ರಜಾಪ್ರಭುತ್ವ ಕಲಿಸಿದ ಊರು ಅಂತ ನಾವು ಓದ್ತೀವಲ್ಲ, ಅದೇ ಅಥೆನ್ಸ್.

ಪಂಡಿತರು ಇಲ್ಲಿ ಒಂದು ತಕರಾರು ಎತ್ತುತ್ತಾರೆ. ನಾಟಕ ಸ್ಪರ್ಧೆಗೆ ಆಯ್ಕೆಯಾಗೋದು, ತಾಲೀಮು ನಡೆಯೋದು ತಿಂಗಳುಗಟ್ಟಲೆ ಮೊದಲು. ಮೀಲೋಸ್ ಬೀಳುವ ಮೊದಲೇ ಯೂರಿಪಿಡೀಸ್ ಇದನ್ನು ಬರೆದಿರಬಹುದು ಅಂತ. ಇರಲಿ. ಬರೆದವನ ತಲೆಯಲ್ಲಿ ಏನಿತ್ತು ಅನ್ನೋದು ಬೇಡ. ನೋಡುತ್ತಾ ಕೂತವರ ಕೈಯಲ್ಲಿ ಏನಿತ್ತು? ಮೀಲೋಸಿನ ಮಾರಾಟದ ದುಡ್ಡು ಯಾರ ಚೀಲದಲ್ಲಿತ್ತು? ಆ ಹೆಂಗಸರು ಆಗ ಯಾರ ಮನೆಯಲ್ಲಿ ನೀರು ಹೊರುತ್ತಿದ್ದರು? ಹೆಕ್ಯುಬಾ ಅಳುವಾಗ ಈ ಪ್ರಶ್ನೆ ಆ ಸಭೆಯಲ್ಲಿ ಒಬ್ಬನಿಗೂ ತಟ್ಟಲಿಲ್ಲ ಅಂದರೆ ನಾನು ನಂಬೋಲ್ಲ. ಆ ವರ್ಷ ಯೂರಿಪಿಡೀಸನಿಗೆ ಬಂದದ್ದು ಎರಡನೇ ಬಹುಮಾನ.

ಅದೇ ಬೇಸಿಗೆಯಲ್ಲಿ ಅಥೆನ್ಸ್ ಇನ್ನೊಂದು ದ್ವೀಪ ಗೆಲ್ಲೋದಕ್ಕೆ ಹಡಗು ಬಿಟ್ಟಿತು, ಸಿಸಿಲಿಗೆ. ಈ ಸಲ ಸೋತಿತು. ಕ್ರಿ.ಪೂ. 413ರಲ್ಲಿ ಸಾವಿರಾರು ಅಥೆನ್ಸಿನವರು ಅಲ್ಲಿ ಸೆರೆಸಿಕ್ಕಿ ಕಲ್ಲುಕ್ವಾರಿಗಳಲ್ಲಿ ಹಸಿವಿನಿಂದ, ಬಿಸಿಲಿನಿಂದ ಸತ್ತರು. ಯೂರಿಪಿಡೀಸನ ಸಾಲುಗಳು ಬಾಯಿಗೆ ಬರುತ್ತಿದ್ದ ಕೆಲವರು ಅದನ್ನು ಹೇಳಿ ತೋರಿಸಿ ಬಿಡುಗಡೆ ಪಡೆದರು ಅಂತ ಶತಮಾನಗಳ ಮೇಲೆ ಪ್ಲುಟಾರ್ಕ್ ಬರೆದಿದ್ದಾನೆ. ಕಲೆ ಪ್ರಾಣ ಉಳಿಸುತ್ತೆ ಅನ್ನೋದಕ್ಕೆ ಈ ಕಥೆ ಹೇಳ್ತಾರೆ. ನನಗೆ ಇದರಲ್ಲಿ ಬೇರೆ ಕಾಣುತ್ತೆ. ಗೆದ್ದ ದಿನ ಆ ಸಾಲುಗಳು ಅವರಿಗೆ ಬರೀ ನಾಟಕವಾಗಿದ್ದವು. ಸೋತ ದಿನ ಅವು ಅವರದೇ ಮಾತಾದವು.

ಇನ್ನೊಂದು ವಿಷಯ ನಮ್ಮ ನೋಟ್ಸುಗಳಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುತ್ತೆ. ಗ್ರೀಕ್ ರಂಗದ ಮೇಲೆ ಹೆಂಗಸಿಗೆ ಜಾಗ ಇರಲಿಲ್ಲ. ಹೆಕ್ಯುಬಾ, ಆಂಡ್ರೊಮಕಿ, ಕಸಾಂಡ್ರ, ಹಿಂದೆ ನಿಂತು ಹಾಡುವ ಮೇಳ, ಎಲ್ಲರೂ ಮುಖವಾಡ ಹಾಕಿದ ಗಂಡಸರು. ಅಂದರೆ ಗೆದ್ದ ಊರಿನ ಗಂಡಸು ಸೋತ ಊರಿನ ಹೆಂಗಸಿನ ಮುಖ ಹಾಕಿಕೊಂಡು ಅತ್ತ. ಯೂರಿಪಿಡೀಸ್ ದೊಡ್ಡವನು, ಅದರಲ್ಲಿ ಎರಡು ಮಾತಿಲ್ಲ. ತನ್ನವರ ಮುಖಕ್ಕೇ ಕನ್ನಡಿ ಹಿಡಿದ. ಅಂಥ ಎದೆ ಎಷ್ಟು ಕವಿಗಳಿಗಿದೆ? ಆದರೂ ಮೀಲೋಸಿನಿಂದ ತಂದ ಹೆಂಗಸೊಬ್ಬಳನ್ನು ರಂಗದ ಮೇಲೆ ಕರೆದು, ನೀನೇ ಹೇಳವ್ವ ಅನ್ನೋದು ಆ ಊರಿಗೆ ಹೊಳೆಯಲಾರದ ಮಾತಾಗಿತ್ತು.

*

ಕನ್ನಡಕ್ಕೆ ಗ್ರೀಕ್ ರುದ್ರನಾಟಕವನ್ನು ತಂದು ನಿಲ್ಲಿಸಿದವರು ಬಿ.ಎಂ.ಶ್ರೀ. ಸೋಫೋಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತದ ಒಳಗಿಟ್ಟು 'ಅಶ್ವತ್ಥಾಮನ್' ಬರೆದರು. ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಅಂತ ತಂದರು. ಎಂ.ಎ. ಹುಡುಗರಿಗೆ ಇವೆರಡರ ಹೆಸರಾದರೂ ಗೊತ್ತು. ಈ 'ಪಾರಸಿಕರು' ಮೂಲವನ್ನು ಸ್ವಲ್ಪ ಗಮನಿಸಿ. ಇವತ್ತಿಗೆ ಉಳಿದುಬಂದಿರುವ ಗ್ರೀಕ್ ನಾಟಕಗಳಲ್ಲೆಲ್ಲ ಹಳೆಯದು ಅಂತ ಅದನ್ನು ಎಣಿಸ್ತಾರೆ. ಅದು ದೇವರ ಕಥೆಯಲ್ಲ, ಪುರಾಣವೂ ಅಲ್ಲ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಗ್ರೀಕರ ಕೈಲಿ ಸೋತ ಸಲಾಮಿಸ್ ಕಡಲ ಯುದ್ಧದ ನಾಟಕ. ಆಡಿದ್ದು ಕ್ರಿ.ಪೂ. 472ರಲ್ಲಿ, ಎಂಟೇ ವರ್ಷದ ಮೇಲೆ. ಬರೆದವನು ಪರ್ಷಿಯನ್ನರ ಮೇಲೆ ತಾನೇ ಕತ್ತಿ ಹಿಡಿದು ಹೋದವನು. ಅಂಥವನು ಶತ್ರುವಿನ ಅರಮನೆಯಲ್ಲಿ ಶತ್ರುವಿನ ತಾಯಿ ಕೂತು ಕೊರಗುವುದನ್ನು ಬರೆದ.

ಅಂದಮೇಲೆ ಈ ಜಾತಿಯ ನಾಟಕ ಹುಟ್ಟಿನಿಂದಲೇ ತನ್ನ ಕಾಲದ ಯುದ್ಧದ ಮಾತಾಡಿದೆ. ಅದಕ್ಕೆ ಈಗ ಯಾರೋ ಬಂದು ರಾಜಕೀಯ ಬೆರೆಸಿದರು ಅನ್ನೋದು ಸುಳ್ಳು. ರಾಜಕೀಯವನ್ನು ಹಿಂಡಿ ತೆಗೆದು "ಶುದ್ಧ ಕಲೆ" ಮಾಡಿ ಕಪಾಟಿನಲ್ಲಿ ಇಟ್ಟವರು ನಂತರದವರು.

ಆ ಕಪಾಟಿನಿಂದ ತೆಗೆದು ಬಳಸಿದವರೂ ಇದ್ದಾರೆ. ಫ್ರಾನ್ಸಿನ ಸಾರ್ತ್ರ್ 1965ರಲ್ಲಿ ಇದೇ 'ಟ್ರಾಯ್‌ನ ಹೆಂಗಸರು' ನಾಟಕವನ್ನು ಹೊಸದಾಗಿ ಬರೆದು ಪ್ಯಾರಿಸಿನಲ್ಲಿ ಆಡಿಸಿದ. ಅಲ್ಜೀರಿಯಾದ ಜನ ಸ್ವಾತಂತ್ರ್ಯ ಕೇಳಿದ್ದಕ್ಕೆ ಫ್ರೆಂಚ್ ಸೈನ್ಯ 1954ರಿಂದ 1962ರ ತನಕ ಅಲ್ಲಿ ನಡೆಸಿದ ಯುದ್ಧ, ಚಿತ್ರಹಿಂಸೆ ಇನ್ನೂ ಹಸಿಯಾಗಿತ್ತು. ವಿಯೆಟ್ನಾಮಿನಲ್ಲಿ ಅಮೆರಿಕದ ಬಾಂಬು ಬೀಳುತ್ತಿತ್ತು. ಯೂರಿಪಿಡೀಸನ ಆಂಡ್ರೊಮಕಿ ಗ್ರೀಕರನ್ನು ಬೈದರೆ, ಸಾರ್ತ್ರನ ಆಂಡ್ರೊಮಕಿ ಯೂರೋಪನ್ನೇ ಹೆಸರು ಹಿಡಿದು ಬೈತಾಳೆ. ಬೈಸಿಕೊಂಡು ಕೂತವರು ಪ್ಯಾರಿಸಿನ ಜನ. ಬೇರೆಯವರ ಯುದ್ಧಕ್ಕೆ ಬೈಯೋದು ಯಾರಿಗಾದರೂ ಆಗುತ್ತೆ. ತನ್ನ ದೇಶದ ಯುದ್ಧಕ್ಕೆ ತನ್ನ ದೇಶದ ರಂಗದ ಮೇಲೇ ಬೈಯಬೇಕಾದರೆ ಎದೆ ಬೇಕು.

ನೈಜೀರಿಯಾದ ಫೆಮಿ ಓಸೋಫಿಸಾನ್ ಇನ್ನೊಂದು ದಾರಿ ಹಿಡಿದರು. ಅವರ 'ವಿಮೆನ್ ಆಫ್ ಓವು' 2004ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಆಡಿದ್ದು. ಅದರಲ್ಲಿ ಟ್ರಾಯ್ ಇಲ್ಲ. ಯೊರುಬಾ ಜನರ ಓವು ಅನ್ನೋ ಪಟ್ಟಣ ಇದೆ. 19ನೇ ಶತಮಾನದ ಮೊದಲ ಭಾಗದಲ್ಲಿ ಅಕ್ಕಪಕ್ಕದ ರಾಜ್ಯಗಳ ಪಡೆಗಳು ಒಂದಾಗಿ ಬಂದು ವರ್ಷಗಟ್ಟಲೆ ಮುತ್ತಿಗೆ ಹಾಕಿ ನೆಲಸಮ ಮಾಡಿದ ಪಟ್ಟಣ ಅದು. ನಾವು ನಿಮ್ಮನ್ನು ಬಿಡುಗಡೆ ಮಾಡೋದಕ್ಕೆ ಬಂದವರು ಅನ್ನೋದು ಆ ಪಡೆಗಳ ಮಾತು. 2003ರಲ್ಲಿ ಅಮೆರಿಕ ಮತ್ತು ಬ್ರಿಟನ್ ಇರಾಕಿಗೆ ನುಗ್ಗುವಾಗ ಹೇಳಿದ್ದೂ ಇದನ್ನೇ. ಇಂಗ್ಲೆಂಡಿನ ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಓಸೋಫಿಸಾನ್ ಮಾಡಿದ ಇನ್ನೊಂದು ಕೆಲಸವೂ ದೊಡ್ಡದು. ಗ್ರೀಕರ ದುಃಖವನ್ನು ಸಾಲ ತಂದು ತನ್ನ ಜನರ ಮೇಲೆ ಹೊದಿಸಲಿಲ್ಲ. ತನ್ನ ಜನರದೇ ಸುಟ್ಟ ಊರೊಂದನ್ನು ನೆನಪಿನಿಂದ ಅಗೆದು ತೆಗೆದರು.

ಇವರಿಬ್ಬರೂ ನನ್ನ ಎರಡನೇ ಪ್ರಶ್ನೆಗೆ ಉತ್ತರ ಕೊಟ್ಟವರು. ಕೊಂದವನ ಗುರುತು ಅವರ ನಾಟಕದಲ್ಲಿದೆ. ಮೊದಲ ಪ್ರಶ್ನೆ ಹಾಗೇ ಉಳೀತು. ಮಾತು ಯಾರ ಬಾಯಲ್ಲಿ? ಸಾರ್ತ್ರ್ ಬರೆದದ್ದನ್ನು ಪ್ಯಾರಿಸಿನ ನಟಿಯರು ಹೇಳಿದರು. ಅಲ್ಜೀರಿಯಾದ ಹೆಂಗಸು ಅಲ್ಲಿ ಬರಲಿಲ್ಲ.

*

ಅಮ್ಮಾನಿನಲ್ಲಿ ಬಂದಳು. ಅದಕ್ಕೇ ಆ ನಾಟಕದ ಬಗ್ಗೆ ಇಷ್ಟು ಹೇಳ್ತಿದ್ದೀನಿ.

ಸಿರಿಯಾದಲ್ಲಿ ಆದದ್ದು ನಿಮಗೆ ಗೊತ್ತಿರಬಹುದು. 2011ರ ಮಾರ್ಚಿನಲ್ಲಿ ದರಾ ಎಂಬ ಊರಲ್ಲಿ ಗೋಡೆ ಮೇಲೆ ಸರ್ಕಾರದ ವಿರುದ್ಧ ಬರೆದರು ಅಂತ ಹುಡುಗರನ್ನು ಹಿಡಿದು ಹಿಂಸೆ ಕೊಟ್ಟರು. ಜನ ಬೀದಿಗೆ ಬಂದರು. ಬಶರ್ ಅಲ್ ಅಸಾದ್ ಸರ್ಕಾರ ಗುಂಡು ಹಾರಿಸಿತು. ಆಮೇಲೆ ಹೆಲಿಕಾಪ್ಟರಿನಿಂದ ಪೀಪಾಯಿಗಳಲ್ಲಿ ಸಿಡಿಮದ್ದು ತುಂಬಿ ತನ್ನದೇ ಜನರ ಮನೆಗಳ ಮೇಲೆ ಸುರಿಯಿತು. 2013ರ ಆಗಸ್ಟಿನಲ್ಲಿ ಘೌಟಾದಲ್ಲಿ ವಿಷಾನಿಲ ಬಿತ್ತು. ಅಸಾದನ ವಿರುದ್ಧ ನಿಂತ ಕೆಲವು ಪಡೆಗಳೂ ಅಮಾಯಕರ ರಕ್ತದಲ್ಲಿ ಕೈ ಅದ್ದಿದವು. ನಾಟಕ ಆಡುವ ಹೊತ್ತಿಗೆ ಜೋರ್ಡಾನ್ ಒಂದರಲ್ಲೇ ದಾಖಲಾದ ಸಿರಿಯಾ ನಿರಾಶ್ರಿತರು 5 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಹೆಚ್ಚಿನವರು ಡೇರೆ ಶಿಬಿರದಲ್ಲಿ ಇರಲಿಲ್ಲ, ಊರುಗಳ ಬಾಡಿಗೆ ಕೋಣೆಗಳಲ್ಲಿ ತುಂಬಿಕೊಂಡಿದ್ದರು.

ಹೆಂಗಸರಿಗೆ ಚೀಟಿ ಎತ್ತೋದು ಹಳೇ ಕಾಲದ ಕಾಡುತನ ಅಂತ ಅಂದುಕೊಂಡವರಿಗೆ ಇನ್ನೊಂದು ಮಾತು. ಅಮ್ಮಾನಿನ ಆಟ ಮುಗಿದು ವರ್ಷ ತುಂಬುವುದರೊಳಗೆ, 2014ರ ಆಗಸ್ಟಿನಲ್ಲಿ, ಪಕ್ಕದ ಇರಾಕಿನ ಸಿಂಜಾರ್ ಸೀಮೆಗೆ ಇಸ್ಲಾಮಿಕ್ ಸ್ಟೇಟಿನವರು ನುಗ್ಗಿದರು. ಯಜೀದಿ ಗಂಡಸರನ್ನು ಕೊಂದು, ಸಾವಿರಾರು ಹೆಂಗಸರು ಮಕ್ಕಳನ್ನು ಹಿಡಿದು, ತಮ್ಮೊಳಗೆ ಹಂಚಿಕೊಂಡರು, ಸಂತೆಯಲ್ಲಿ ಮಾರಿದರು. ಮೀಲೋಸಿನಲ್ಲಿ ಆದದ್ದೇ. ಎರಡು ಸಾವಿರದ ನಾಲ್ಕುನೂರು ವರ್ಷ ಕಳೆದಿತ್ತು ಅಷ್ಟೆ.

ಈಗ ಯೋಚನೆ ಮಾಡಿ. ನಿರಾಶ್ರಿತಳಾಗಿ ಬಂದ ಹೆಂಗಸಿಗೆ ಪರದೇಶದಲ್ಲಿ ಸಿಗುವ ಗುರುತು ಏನು? ಒಂದು ನೋಂದಣಿ ನಂಬರು, ಕ್ಯೂನಲ್ಲಿ ಒಂದು ಜಾಗ, ರೇಷನ್ನಿನ ಕೂಪನ್ನು. ಅವಳ ಕಥೆ ಕೇಳೋರು ಇದ್ದಾರೆ, ಆದರೆ ಫಾರಂ ತುಂಬೋದಕ್ಕೆ. ಅಂಥವಳ ಕೈಗೆ ಹೆಕ್ಯುಬಾಳ ಮಾತು ಬಂತು. ಹೆಕ್ಯುಬಾ ಭಿಕ್ಷೆ ಕೇಳುವವಳಲ್ಲ. ಅವಳು ರಾಣಿ. ದೇವರನ್ನೂ ಪ್ರಶ್ನೆ ಮಾಡ್ತಾಳೆ, ಗೆದ್ದವನ ಮುಖಕ್ಕೆ ಹೇಳಬೇಕಾದ್ದನ್ನು ಹೇಳ್ತಾಳೆ. ಇವಳ ಮನೆಯೂ ನಿನ್ನೆ ಇವಳ ರಾಜ್ಯವೇ ಆಗಿತ್ತು. ಒಲೆ, ಬಾವಿಕಟ್ಟೆ, ಅಂಗಳದ ಗಿಡ, ಮಗಳ ಮದುವೆಗೆ ಕೂಡಿಟ್ಟದ್ದು. ಅದನ್ನು ಕಳಕೊಂಡ ದುಃಖಕ್ಕೆ ಅರ್ಜಿಯ ಭಾಷೆ ಸಾಲದು. ರಾಣಿಯ ಭಾಷೆಯೇ ಬೇಕು. ಸಾಕ್ಷ್ಯಚಿತ್ರಕ್ಕೆ 'ಸಿರಿಯಾದ ರಾಣಿಯರು' ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಹಳೇ ನಾಟಕದ ನಿಜವಾದ ಉಪಯೋಗ ನನಗೆ ಇಲ್ಲಿ ಕಾಣುತ್ತೆ. ನನ್ನ ಮಗ ಸತ್ತ ಅಂತ ನೇರ ಹೇಳೋದಕ್ಕೆ ಬಾಯಿ ಬಾರದವಳು ಆಂಡ್ರೊಮಕಿಯ ಮಗ ಸತ್ತ ಅಂತ ಹೇಳಬಲ್ಲಳು. ಹೇಳ್ತಾ ಹೇಳ್ತಾ ತನ್ನ ಮಗನ ಹೆಸರಿಗೆ ಬಂದು ಮುಟ್ಟಬಲ್ಲಳು. ಚಳಿಗೆ ಕಂಬಳಿ ಇದ್ದ ಹಾಗೆ ಅದು.

ಎಲ್ಲರಿಗೂ ಇದು ಸಾಧ್ಯವಾಗಲಿಲ್ಲ ಅನ್ನೋದನ್ನೂ ಹೇಳಬೇಕು. ತಾಲೀಮಿಗೆ ಬಂದವರಲ್ಲಿ ಹಲವರು ಮಧ್ಯದಲ್ಲೇ ಬಿಟ್ಟರು. ಹೆಂಗಸು ರಂಗದ ಮೇಲೆ ನಿಲ್ಲೋದು ಮನೆಯ ಗಂಡಸರಿಗೆ ಒಪ್ಪಿಗೆ ಆಗದೆ ಕೆಲವರು ಹೋದರು. ಸಿರಿಯಾದಲ್ಲೇ ಉಳಿದ ತಮ್ಮವರಿಗೆ ಇದರಿಂದ ಏನಾಗುತ್ತೋ ಅನ್ನೋ ಹೆದರಿಕೆ ಇನ್ನು ಕೆಲವರಿಗೆ. ಇಲ್ಲಿ ನನ್ನ ಎರಡನೇ ಪ್ರಶ್ನೆಯನ್ನು ಹುಷಾರಾಗಿ ಕೇಳಬೇಕಾಗುತ್ತೆ. ಅಣ್ಣ ಇನ್ನೂ ಜೈಲಿನಲ್ಲಿರುವಾಗ ಕೊಂದವನ ಹೆಸರು ಹೇಳು ಅಂತ ತಂಗಿಯನ್ನು ಒತ್ತಾಯ ಮಾಡೋ ಹಕ್ಕು ನಮಗಿಲ್ಲ. ಪ್ರಾಣಭಯದಿಂದ ಹೆಸರು ನುಂಗಿಕೊಂಡವಳ ಮೌನ ಬೇರೆ. ಸಂಬಳ ಬರುವ ಕುರ್ಚಿಯಲ್ಲಿ ಕೂತು "ಇದು ಮನುಕುಲದ ದುಃಖ" ಅಂತ ಹೆಸರು ಬಿಡುವವನ ಮೌನ ಬೇರೆ. ನನ್ನ ಜಗಳ ಎರಡನೆಯವನ ಜೊತೆ.

*

ಇದಕ್ಕೆ ಬರುವ ಆಕ್ಷೇಪಣೆ ನನಗೆ ಗೊತ್ತು. ನೊಂದವರನ್ನೇ ರಂಗದ ಮೇಲೆ ತಂದು ಅಳಿಸೋದು ಕಲೆಯಾ? ಗಾಯವನ್ನು ಪ್ರದರ್ಶನಕ್ಕೆ ಇಟ್ಟ ಹಾಗಲ್ಲವಾ? ನೋಡೋರು ಚಪ್ಪಾಳೆ ತಟ್ಟಿ ಹೋಗ್ತಾರೆ, ಅವಳು ಅದೇ ಬಾಡಿಗೆ ಕೋಣೆಗೆ ವಾಪಸ್ಸು ಹೋಗ್ತಾಳೆ. ಈ ಮಾತಿನಲ್ಲಿ ಸತ್ಯ ಇದೆ. ಅಮ್ಮಾನಿನ ಈ ಕೆಲಸವನ್ನು ಶುರು ಮಾಡಿ ದುಡ್ಡು ಹೊಂದಿಸಿದವರು ಬ್ರಿಟನ್ನಿನ ಜನ. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದಾರೆ. ಆದರೂ ಯಾರದೋ ದುಃಖಕ್ಕೆ ಇನ್ಯಾರೋ ರಂಗ ಹಾಕಿಕೊಟ್ಟಾಗ, ಎಷ್ಟು ಅಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಯಾರು ತೀರ್ಮಾನ ಮಾಡ್ತಾರೆ ಅಂತ ಕೇಳಲೇಬೇಕು.

ಕೇಳೋಣ. ಆದರೆ ಆ ಪ್ರಶ್ನೆಯ ಮರೆಯಲ್ಲಿ ನಿಂತು, ಹಾಗಾದರೆ ಮೊದಲಿನ ಹಾಗೆ ನಾವೇ ಅವರ ಪರವಾಗಿ ಅಳ್ತೀವಿ, ನಮಗೆ ಅಭಿನಯ ಬರುತ್ತೆ, ಭಾಷೆ ಬರುತ್ತೆ ಅಂತ ಯಾರಾದರೂ ಮುಂದೆ ಬಂದರೆ ಅದನ್ನು ಒಪ್ಪಬಾರದು. ಗಾಯ ಅವಳದು. ತೋರಿಸೋದೋ ಮುಚ್ಚೋದೋ ಅವಳಿಗೆ ಬಿಟ್ಟದ್ದು. ಅಮ್ಮಾನಿನ ಹೆಂಗಸರಲ್ಲಿ ಬಿಟ್ಟು ಹೋದವರೂ ಅವರೇ ತೀರ್ಮಾನ ಮಾಡಿದಷ್ಟೂ ಒಳ್ಳೇದು, ನಿಂತವರೂ ಅವರೇ ತೀರ್ಮಾನ ಮಾಡಿದಷ್ಟೂ ಒಳ್ಳೇದು. ಓಮರ್ ಅಬು ಸಾದಾ ಅಲ್ಲಿಗೇ ಬಿಡಲಿಲ್ಲ. 2014ರಲ್ಲಿ ಬೈರೂತಿನ ಶತೀಲಾ ಶಿಬಿರದ ನಿರಾಶ್ರಿತ ಹೆಂಗಸರ ಜೊತೆ ಆಂಟಿಗೊನೆಯ ಕಥೆ ಕಟ್ಟಿದರು. 2017ರಲ್ಲಿ ಬರ್ಲಿನ್ನಿನಲ್ಲಿ ಸಿರಿಯಾದ ಹೆಣ್ಣುಮಕ್ಕಳ ಜೊತೆ ಇಫಿಜೀನಿಯಾ. ಆ ಎರಡಕ್ಕೂ ಬರವಣಿಗೆ ಸಿರಿಯಾದ ಮೊಹಮ್ಮದ್ ಅಲ್ ಅತ್ತಾರ್ ಅವರದು.

ಈಗ ಚಪ್ಪಾಳೆಯ ಆಚೆಗಿನ ಕಥೆ ಕೇಳಿ. 2014ರ ಸೆಪ್ಟೆಂಬರಿನಲ್ಲಿ ಈ ನಾಟಕವನ್ನು ಅಮೆರಿಕದ ವಾಷಿಂಗ್ಟನ್ನಿನಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಆಡಿಸಬೇಕು ಅಂತ ಗೊತ್ತಾಗಿತ್ತು. ಹೆಂಗಸರಿಗೆ ವೀಸಾ ಸಿಗಲಿಲ್ಲ. ಆಟ ಮುಗಿದ ಮೇಲೆ ಇವರು ವಾಪಸ್ಸು ಹೋಗ್ತಾರೆ ಅನ್ನೋ ನಂಬಿಕೆ ಅಧಿಕಾರಿಗಳಿಗೆ ಬರಲಿಲ್ಲ. ಸರಿ, ಹೋಗೋದಾದರೂ ಎಲ್ಲಿಗೆ? ಊರು ಇಲ್ಲ ಅನ್ನೋದೇ ತಾನೆ ನಾಟಕ? ಊರು ಕಳಕೊಂಡವಳ ನಾಟಕ ನೋಡೋದಕ್ಕೆ ಸಭಾಂಗಣ ತಯಾರಾಗಿತ್ತು. ಊರು ಕಳಕೊಂಡಿದ್ದಾಳೆ ಅನ್ನೋ ಕಾರಣಕ್ಕೇ ಅವಳನ್ನು ಬಾಗಿಲಲ್ಲಿ ತಡೆದರು. ಕೊನೆಗೆ ಹೆಂಗಸರು ಅಮ್ಮಾನಿನಲ್ಲೇ ಕೂತು ತೆರೆಯ ಮೇಲೆ ಮುಖ ತೋರಿಸಿ ಅಮೆರಿಕದ ಸಭೆಯ ಜೊತೆ ಮಾತಾಡಿದರು. ಎರಡು ವರ್ಷದ ಮೇಲೆ, 2016ರಲ್ಲಿ, ಬ್ರಿಟನ್ನಿನಲ್ಲಿ ಪ್ರವಾಸ ಹೊರಟು ಆಡಲು ಸಾಧ್ಯವಾಯಿತು.

ದುಃಖಕ್ಕೆ ಪ್ರವೇಶ ಇದೆ, ದುಃಖಪಟ್ಟವಳಿಗೆ ಇಲ್ಲ. "ಎಲ್ಲರ ದುಃಖ" ಅನ್ನೋ ಮಾತು ಕೊನೆಗೆ ಬಂದು ನಿಲ್ಲೋದು ಇಲ್ಲಿ.

*

ನಾಟಕದಲ್ಲಿ ನಾನು ಇನ್ನೂ ಹೇಳದ ಒಬ್ಬ ಮನುಷ್ಯ ಇದ್ದಾನೆ. ಅವನ ಹೆಸರು ಟಾಲ್ತಿಬಿಯಸ್. ಗ್ರೀಕರ ಸಾರುವವನು. ಯಾವ ಹೆಂಗಸು ಯಾರ ಪಾಲಿಗೆ ಅನ್ನೋ ಪಟ್ಟಿ ತಂದು ಹೇಳುವವನು ಅವನೇ. ಕೂಸನ್ನು ಕೊಲ್ಲಬೇಕು ಅನ್ನೋ ಹುಕುಂ ತರುವವನೂ ಅವನೇ. ಕೆಟ್ಟವನಲ್ಲ. ಆ ಮಾತು ಹೇಳುವಾಗ ಅವನ ನಾಲಿಗೆ ತೊದಲುತ್ತೆ. ಸತ್ತ ಕೂಸಿನ ಮೈಯನ್ನು ದಾರಿಯ ಹೊಳೆಯಲ್ಲಿ ತಾನೇ ತೊಳೆದು ಅಜ್ಜಿಯ ಕೈಗೆ ತಂದು ಕೊಡ್ತಾನೆ. ಅಷ್ಟು ಮಾಡ್ತಾನೆ. ಆದರೆ ಹುಕುಂ ಮಾತ್ರ ಒಂದನ್ನೂ ತಪ್ಪಿಸೋಲ್ಲ.

ವೀಸಾ ಅರ್ಜಿಯ ಮೇಲೆ ಆಗೋದಿಲ್ಲ ಅಂತ ಬರೆದ ಕೈ ಯಾರದೋ ಗೊತ್ತಿಲ್ಲ. ಅವನೂ ಮನೆಗೆ ಹೋಗಿ ಅವತ್ತು ರಾತ್ರಿ ಸರಿಯಾಗಿ ಊಟ ಮಾಡಿರಲಿಕ್ಕಿಲ್ಲ. ಹೆಲಿಕಾಪ್ಟರಿಗೆ ಪೀಪಾಯಿ ಏರಿಸಿದವನಿಗೂ ಮನೆಯಲ್ಲಿ ಮಕ್ಕಳಿದ್ದಿರಬೇಕು. ಯುದ್ಧ ನಡೆಯೋದು ಅಗಮೆಮ್ನಾನನ ಒಬ್ಬನಿಂದ ಅಲ್ಲ. ಮನಸ್ಸಿನಲ್ಲಿ ನೊಂದುಕೊಂಡು ಕೈಯಲ್ಲಿ ಕೆಲಸ ಮುಗಿಸುವ ಸಾವಿರ ಟಾಲ್ತಿಬಿಯಸ್‌ಗಳಿಂದ.

ಹಾಸ್ಟೆಲ್ಲಿನ ಗೆಳೆಯರೆ, ಇದನ್ನು ನಿಮಗೆ ಯಾಕೆ ಹೇಳ್ತೀನಿ ಗೊತ್ತಾ? ನಾವು ಯಾರೂ ಅಗಮೆಮ್ನಾನ್ ಆಗೋಲ್ಲ. ಆದರೆ ಪರೀಕ್ಷೆ ಕಟ್ಟಿ, ಇಂಟರ್‌ವ್ಯೂ ಮುಗಿಸಿ, ನಾಳೆ ನಮ್ಮಲ್ಲಿ ಯಾರೋ ಗುಮಾಸ್ತ ಆಗ್ತಾನೆ, ಯಾರೋ ಪೋಲೀಸು, ಯಾರೋ ತಹಸೀಲ್ದಾರ. ನಮ್ಮ ಅಪ್ಪ ಅವ್ವ ಅದಕ್ಕೇ ಕಾಯ್ತಾ ಇದ್ದಾರೆ, ಆಗಲೂ ಬೇಕು. ಆಗ ನಮ್ಮ ಮೇಜಿಗೂ ಒಂದು ದಿನ ಒಂದು ಪಟ್ಟಿ ಬರುತ್ತೆ, ಸಹಿ ಹಾಕಿ ಅಂತ. ಗ್ರೀಕ್ ನಾಟಕ ಓದಿ ಕರುಣೆ ಬಂತು, ಭಯ ಬಂತು, ಮನಸ್ಸು ತಿಳಿಯಾಯಿತು ಅಂತ ಬರೆಯೋದನ್ನು ಅರಿಸ್ಟಾಟಲ್ ಹೇಳಿಕೊಟ್ಟಿದ್ದಾನೆ. ಟಾಲ್ತಿಬಿಯಸನಿಗೂ ಕರುಣೆ ಬಂದಿತ್ತು. ಕೂಸು ಉಳೀಲಿಲ್ಲ.

ನಾಟಕ ನೋಡಿ ಹೊರಗೆ ಬಂದವನಿಗೆ ಮನಸ್ಸು ತಿಳಿಯಾಗದೆ ಇದ್ದರೇ ಒಳ್ಳೇದು. ಈ ಪಟ್ಟಿ ಬರೆದವನು ಯಾರು, ನಾನು ಇದನ್ನು ಓದಿ ಹೇಳಲೇಬೇಕಾ ಅನ್ನೋ ಪ್ರಶ್ನೆ ಮುಳ್ಳಿನ ಹಾಗೆ ಒಳಗೆ ಉಳಿದರೆ ಆ ನಾಟಕ ಗೆದ್ದ ಹಾಗೆ.

2024ರ ಡಿಸೆಂಬರ್ 8ರಂದು ಅಸಾದ್ ದೇಶ ಬಿಟ್ಟು ಮಾಸ್ಕೋಗೆ ಓಡಿದ. ಜೈಲುಗಳ ಬಾಗಿಲು ತೆರೆದವು. ಒಳಗೆ ತಮ್ಮವರು ಸಿಕ್ಕಾರೇನೋ ಅಂತ ಹುಡುಕಿಕೊಂಡು ಹೋದವರಲ್ಲಿ ಬಹಳ ಜನಕ್ಕೆ ಬರೀ ಗೋಡೆ ಸಿಕ್ಕಿತು. ಅಲ್ಲಿಂದೀಚೆಗೆ ಲಕ್ಷಾಂತರ ಜನ ಜೋರ್ಡಾನಿನಿಂದ, ಲೆಬನಾನಿನಿಂದ, ಟರ್ಕಿಯಿಂದ ಒಡೆದ ಊರುಗಳಿಗೆ ವಾಪಸ್ಸು ಹೋಗಿದ್ದಾರೆ. ಹೋಗಲಾರದವರು ಇನ್ನೂ ಪರದೇಶದಲ್ಲೇ ಇದ್ದಾರೆ. ಟ್ರಾಯ್ ಹೆಂಗಸರು ಹಡಗು ಹತ್ತಿದ ಮೇಲೆ ಅವರಿಗೆ ತಿರುಗಿ ಬರುವ ದಾರಿ ಇರಲಿಲ್ಲ, ಹಾಗಾಗಿ ಯೂರಿಪಿಡೀಸ್ ಅಲ್ಲಿಗೇ ನಿಲ್ಲಿಸಿದ. ಸುಟ್ಟ ಮನೆಯ ಬಾಗಿಲಿಗೆ ತಿರುಗಿ ಬಂದು ನಿಂತವಳು ಏನು ಹೇಳ್ತಾಳೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ. ಅದು ಗೊತ್ತಿರೋದು ಈ ಹೆಂಗಸರಿಗೆ. ಆ ನಾಟಕವನ್ನು ಅವರೇ ಬರೆಯಬೇಕು. ಕೊಂದವರ ಹೆಸರನ್ನು ಈ ಸಲ ಹೆದರಿಕೆ ಇಲ್ಲದೆ ಹೇಳುವ ಕಾಲ ಅವರಿಗೆ ಬರಲಿ.